ಮೈಕು ಚಾಲೂ ಇತ್ತು

ನರ್ಸ್ ನೌಕರಿಯ ಆರ್ಡರ್ ಕೈಗೆ ಬಂದ ಹುಡುಗಿಯರು ಒಬ್ಬೊಬ್ಬರಾಗಿ ವಿಜಯಪುರದ ನಮ್ಮ ಮನೆಗೆ ಪೇಢೆ ತಗೊಂಡು ಬರುತ್ತಾರೆ. "ಕಸ್ತೂರಿ ಸಿಸ್ಟರ್, ನೌಕರಿ ಖರೇ ಹೆಂಗ ಇರತೈತ್ರಿ?" ಎಂದು ಕೇಳುತ್ತಾರೆ. ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನೇ ನಾನೂ ಹೇಳಿದರೆ ತಿಂದ ಪೇಢೆಗೆ ಮೋಸ ಮಾಡಿದಂತೆ. ಅದಕ್ಕೇ ಅಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂವತ್ತಮೂರು ವರ್ಷ ಟಿಕೋಟಾ, ಬಬಲೇಶ್ವರ ಕಡೆಯ ಸರಕಾರಿ ದವಾಖಾನೆಗಳಲ್ಲಿ ದುಡಿದೆ. ಯಾವ ಸಂಗತಿ ಯಾವ ದವಾಖಾನೆಯಲ್ಲಿ ನಡೆಯಿತು ಅಂತ ಹೇಳುವುದಿಲ್ಲ. ಅಲ್ಲಿ ಈಗಲೂ ನಮ್ಮವರು ದುಡಿಯುತ್ತಿದ್ದಾರೆ, ಅವರಿಗೆ ಇರುವ ತಲೆನೋವೇ ಸಾಕು. ಬಡ್ತಿ ಯಾವಾಗ ಸಿಕ್ಕಿತು ಎಂದು ಕೇಳಬೇಡಿ, ನೆನಪಿಲ್ಲ. ಮೊದಲ ದಿನವೇ ಒಬ್ಬ ಪಕ್ಷದ ಮುಖಂಡನಿಗೆ ತಪ್ಪಿ ಸೂಜಿ ಚುಚ್ಚಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಆಗ ಗಾಜಿನ ಸಿರಿಂಜು ಕುದಿಸುವ ಕಾಲ. ಹಿರಿಯ ಸಿಸ್ಟರ್ ಶಾರದಾಬಾಯಿ ಸ್ಟವ್ ಮುಂದೆ ಕೂತು, ನನ್ನ ಕಡೆ ತಿರುಗದೆ, "ಬಾಕಿನ ಮ್ಯಾಲೆ ಬಿಳಿ ಅಂಗಿಯಾಂವ ಕುಂತಾನ ನೋಡು, ಕಾಲಿಗೆ ತಂತಿ ತರಚೇತಿ, ಅವಂಗ ಟಿಟಿ ಕೊಟ್ಟ ಬಾ" ಅಂದರು. ತಂತಿ ತರಚಿದವನು ನೀರು ಕುಡಿಯಲು ಎದ್ದುಹೋಗಿದ್ದು ನನಗೇನು ಗೊತ್ತು? ಬೆಂಚಿನ ಮೇಲೆ ಬಿಳಿ ಅಂಗಿ ಒಂದು ಇತ್ತು. "ತೋಳು ಏರಸ್ರಿ" ಅಂದೆ. ಏರಿಸಿದ. ಚುಚ್ಚಿದೆ. ಹತ್ತಿ ಒತ್ತಿಕೊಂಡು ಆತ ಹೇಳಿದ:

"ನಾ ಪೇಶೆಂಟ್ ಅಲ್ರೀ. ಇಲ್ಲಿ ಸೇವಾ ಹೆಂಗ ಐತಿ ಅಂತ ತಪಾಸ ಮಾಡಾಕ ಬಂದೇನಿ. ವಿರೋಧ ಪಕ್ಷದಿಂದ."

"ಹಂಗಿದ್ರ ತೋಳ ಯಾಕ ಕೊಟ್ರಿ?"

"ನೀವು ಜೋರ ಮಾಡಿದ್ರಿ, ಅಂಜಿ ಕೊಟ್ಟೆ."

ಆತನ ಹೆಸರು ಗುರುಪಾದ. ಮರುದಿನ ಸಂತೆಯಲ್ಲಿ ನಿಂತು, "ಈ ದವಾಖಾನ್ಯಾಗ ಹೇಳದ ಕೇಳದ ಸೂಜಿ ಚುಚ್ಚತಾರ!" ಎಂದು ಭಾಷಣ ಮಾಡಿದ. ಆಡಳಿತ ಪಕ್ಷದ ಬಸಗೊಂಡ ಸುಮ್ಮನಿರುತ್ತಾನೆಯೇ? ಸಂತೆಯ ಇನ್ನೊಂದು ತುದಿಗೆ ನಿಂತು, "ನಮ್ಮ ಸರಕಾರದಾಗ ಕೇಳೂಕಿಂತ ಮೊದಲ ಸೇವಾ ಸಿಗತೈತಿ!" ಎಂದ. ನಾನು ಕೆಲಸ ಹೋಯಿತೆಂದು ಊಟ ಬಿಟ್ಟು ಅಳುತ್ತ ಕೂತಿದ್ದೆ. ಶಾರದಾಬಾಯಿ ಸಂತೆಯಿಂದ ಕಾಯಿಪಲ್ಯ ತಂದವರು ಈ ಎರಡೂ ಭಾಷಣ ಒಪ್ಪಿಸಿದರು. ಅಳುತ್ತಿದ್ದವಳು ನಕ್ಕು ನಕ್ಕು ಬಿಕ್ಕಳಿಕೆ ಹತ್ತಿ ನೀರು ಕುಡಿಯಬೇಕಾಯಿತು.

ಗುರುಪಾದ, ಬಸಗೊಂಡ ಇಬ್ಬರೂ ಬಿಜ್ಜರಗಿ ಕಡೆಯವರು. ದ್ರಾಕ್ಷಿ ತೋಟಕ್ಕೆ ತೋಟ ಹತ್ತಿಕೊಂಡಿತ್ತು, ಪಕ್ಷ ಮಾತ್ರ ಬೇರೆ. ಮೂವತ್ತಮೂರು ವರ್ಷವೂ, ನಾನು ಆ ಸುತ್ತಲಿನ ಯಾವ ದವಾಖಾನೆಗೆ ಹೋದರೂ, ಇವರ ಜಗಳಕ್ಕೆ ಅದೇ ಅಖಾಡ. ಒಬ್ಬನಿಗೆ ಅದು ಸ್ವರ್ಗ, ಇನ್ನೊಬ್ಬನಿಗೆ ನರಕ. ಸರಕಾರ ಬದಲಾದ ಕೂಡಲೇ ಸ್ವರ್ಗದವನು ನರಕಕ್ಕೂ ನರಕದವನು ಸ್ವರ್ಗಕ್ಕೂ ವರ್ಗ ಆಗುತ್ತಿದ್ದರು. ಕಟ್ಟಡ ಅದೇ, ನಾವೂ ಅವರೇ, ಸೋರುವ ಮೂಲೆಯೂ ಅದೇ. ಒಮ್ಮೆ ಗುರುಪಾದನ ಪಕ್ಷ ಗೆದ್ದಾಗ ಆ ಮೂಲೆ ತೋರಿಸಿ ಕೇಳಿದೆ, "ಹೋದ ವರ್ಷ ಇಲ್ಲೇ ನಿಂತು ಬೈದಿದ್ರಲ್ರಿ, ಈಗ?" ಆತ ಮೇಲೆ ನೋಡಿ ಕೈ ಮುಗಿದು ಅಂದ: "ಈಗಿಂದು ಸೋರೂದಲ್ರಿ. ನಮ್ಮ ಸರಕಾರದ ಕಾಲಗುಣಕ್ಕ ಮಳಿ ಚಲೋ ಆಗೇತಿ."

ಬಿಪಿ ತೋರಿಸುವ ದಿನ ಇಬ್ಬರೂ ಬರುತ್ತಿದ್ದರು. ಬಸಗೊಂಡ ದವಾಖಾನೆಯನ್ನು ಹಾಡಿ ಹೊಗಳಿದರೂ ಮನೆಯವರಿಗೆ ನೆಗಡಿ ಬಂದರೆ ವಿಜಯಪುರದ ಖಾಸಗಿ ಡಾಕ್ಟರ ಹತ್ತಿರ ಓಡುತ್ತಿದ್ದ. ಬಿಪಿಗೆ ಮಾತ್ರ ನನ್ನ ಕೈಯೇ ಬೇಕು. ಗುರುಪಾದ ದವಾಖಾನೆಯನ್ನು ಎಷ್ಟು ಬೈದರೂ ಅವನ ಮೂರೂ ಮಕ್ಕಳು ಹುಟ್ಟಿದ್ದು ನಮ್ಮಲ್ಲೇ. ಬಸಗೊಂಡನ ತೋಳಿಗೆ ಪಟ್ಟಿ ಕಟ್ಟಿದಾಗ ಗುರುಪಾದ ಬಾಗಿಲಲ್ಲಿ ಕಂಡರೆ ಪಾದರಸ ಸರ್ರನೆ ಏರುತ್ತಿತ್ತು. ಎದ್ದುಹೋದರೆ ಇಳಿಯುತ್ತಿತ್ತು. ಹೊಸದಾಗಿ ಬಂದ ಡಾಕ್ಟರ್ ಶ್ರೀದೇವಿ ಒಂದು ಸಲ ಇದನ್ನು ನೋಡಿ, "ಸಿಸ್ಟರ್, ಇವರಿಗೆ ಗುಳಿಗಿ ಹೆಚ್ಚು ಮಾಡೂದೋ, ಗುರುಪಾದರನ್ನ ಕಡಿಮಿ ಮಾಡೂದೋ?" ಎಂದು ಕೇಳಿದರು. ಚಿಕ್ಕ ವಯಸ್ಸಿನ ಡಾಕ್ಟರು, ಮುಖದ ಮೇಲೆ ನಗು ತೋರಿಸದೆ ಇಂಥವನ್ನು ಹೇಳುತ್ತಿದ್ದರು. ಅಂಥವರ ಕೈಕೆಳಗೆ ದುಡಿಯುವ ಸುಖವೇ ಬೇರೆ.

ಇನ್ನು ಕೆಲಸದ ರೀತಿ ಬದಲಾದದ್ದು. ಮೊದಲು ದೊಡ್ಡ ದೊಡ್ಡ ರಿಜಿಸ್ಟರು, ಆಮೇಲೆ ಕಂಪ್ಯೂಟರು, ಕೊನೆಗೆ ಮೊಬೈಲು. ಹೆರಿಗೆಯ ವಿವರ ಮೊಬೈಲಿನಲ್ಲಿ ಹಾಕಿದರೆ ವಿಜಯಪುರದ ನಮ್ಮ ಇಲಾಖೆ ಕಚೇರಿಯಲ್ಲಿ ಹಸಿರು ದೀಪ, ತಡವಾದರೆ ಕೆಂಪು ದೀಪ. ಬಾಣಂತಿ ಚೆನ್ನಾಗಿದ್ದು ನೆಟ್‌ವರ್ಕ್ ಇಲ್ಲದಿದ್ದರೂ ಕೆಂಪೇ. ಅಂಥ ದಿನ ನಾನು ಚಾವಣಿ ಹತ್ತಿ ಕೈ ಮೇಲೆತ್ತಿ ನಿಲ್ಲುತ್ತಿದ್ದೆ. ಕೆಳಗೆ ಹೋಗುವವರು, "ಸಿಸ್ಟರಿಗೆ ದೇವರು ಬಂದಾನ" ಅಂತಿದ್ದರು. ನಗಬೇಡಿ, ನೀವೂ ನಿಲ್ಲುತ್ತೀರಿ.

ಈಗ ಮೈಕಿನ ಸಂಗತಿಗೆ ಬರುತ್ತೇನೆ. ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಬಸಗೊಂಡನ ಪಕ್ಷ ಅಧಿಕಾರದಲ್ಲಿತ್ತು. ಊರ ಕಡೆಯ ಒಂದು ಸುದ್ದಿ ಚಾನೆಲ್ಲಿನವನು ದವಾಖಾನೆ ಅಂಗಳದಲ್ಲೇ ಶಾಮಿಯಾನ ಹಾಕಿ "ಸರಕಾರಿ ಆರೋಗ್ಯ ಸೇವೆ: ಸ್ವರ್ಗವೋ, ನರಕವೋ?" ಎಂದು ಚರ್ಚೆ ಇಟ್ಟ. ಎರಡು ದೊಡ್ಡ ಸ್ಪೀಕರ್ ಡಬ್ಬಿ, ಎರಡು ಗುಂಪು ಕಾರ್ಯಕರ್ತರು, ನಡುವೆ ಕುರ್ಚಿಗಳಲ್ಲಿ ಗುರುಪಾದ ಮತ್ತು ಬಸಗೊಂಡ. ಅನುಮತಿ ಯಾರು ಕೊಟ್ಟರೆಂಬುದು ಇವತ್ತಿಗೂ ಪತ್ತೆಯಿಲ್ಲ. ಡಾಕ್ಟರ್ ಶ್ರೀದೇವಿ ಅವತ್ತು ವಿಜಯಪುರಕ್ಕೆ ಮೀಟಿಂಗಿಗೆ ಹೋಗಿದ್ದರು. ಮೀಟಿಂಗಿನ ವಿಷಯ, ದವಾಖಾನೆಗಳ ಗುಣಮಟ್ಟ ಸುಧಾರಣೆ.

ವರದಿಗಾರ ನನ್ನನ್ನು ಹಿಡಿದ. "ಸಿಸ್ಟರ್, ನೀವು ಎರಡ ಮಾತ ಆಡ್ರಿ" ಎಂದು ಕಡಲೆಕಾಳಿನಷ್ಟು ಮೈಕನ್ನು ನನ್ನ ಕೊರಳಪಟ್ಟಿಗೆ ಸಿಕ್ಕಿಸಿದ. ಏನು ಹೇಳುವುದು? ಸ್ವರ್ಗ ಅಂದರೆ ಸುಳ್ಳು, ನರಕ ಅಂದರೆ ನಾನು ಯಮದೂತೆ. ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಒಂದು ಟಂಟಂ ಗಾಡಿ ಶಾಮಿಯಾನದ ಹಗ್ಗ ಕಿತ್ತುಕೊಂಡೇ ಒಳಗೆ ಬಂತು. ಅದರಲ್ಲಿ ಕುರಿ ಕಾಯುವ ಮನೆಯ ಮಾಯವ್ವ, ಆಕೆಯ ಅತ್ತೆ. ಎರಡನೆಯ ಹೆರಿಗೆ. ನೋಡಿದ ಕೂಡಲೇ ತಿಳಿಯಿತು, ವಿಜಯಪುರಕ್ಕೆ ಕಳಿಸುವಷ್ಟು ಹೊತ್ತು ಇಲ್ಲ. ಕೂಸಿನ ತಲೆ ಕಾಣುತ್ತಿತ್ತು.

ಓಡಿದೆ. ನಮ್ಮ ಆಯಾ ನೀಲವ್ವ ನನ್ನ ಹಿಂದೆ ಓಡಿ ಬಾಗಿಲು ಹಾಕಿದಳು. ಕೊರಳಪಟ್ಟಿಯ ಮೈಕು ನನ್ನ ಜೊತೆಗೇ ಒಳಗೆ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅದು ಚಾಲೂ ಇತ್ತು. ಹೊರಗೆ ನಡೆದದ್ದನ್ನೆಲ್ಲ ಔಷಧಿ ಕಿಟಕಿಯಲ್ಲಿ ಕೂತಿದ್ದ ನಮ್ಮ ಫಾರ್ಮಸಿಸ್ಟ್ ಆಮೇಲೆ ಹೇಳಿದ್ದು.

ಹೊರಗೆ ಗುರುಪಾದ ಎದ್ದು ನಿಂತು, "ಈ ದವಾಖಾನ್ಯಾಗ ಏನೈತಿ?" ಎಂದು ಗುಡುಗಿದ್ದಾನೆ. ಸ್ಪೀಕರ್ ಡಬ್ಬಿಯಿಂದ ನನ್ನ ದನಿ ಬಂದಿದೆ: "ಸುಮ್ಮ ಮಕ್ಕೋ ನಮ್ಮವ್ವಾ, ಒದರಬ್ಯಾಡ, ಉಸರು ಒಳಗ ತಗೋ!" ಗುರುಪಾದ ಗಾಬರಿಯಾಗಿ ಉಸಿರು ಒಳಗೆ ತಗೊಂಡು ಕೂತುಬಿಟ್ಟಿದ್ದಾನೆ. ಬಸಗೊಂಡ ಇದೇ ಸಮಯವೆಂದು, "ನಮ್ಮ ಸರಕಾರ..." ಎಂದು ಶುರು ಮಾಡಿದ್ದಾನೆ. ಅಷ್ಟರಲ್ಲಿ ಮಾಯವ್ವ, "ಯಕ್ಕಾ, ಆ ಹೊರಗ ಒದರಾಕತ್ತಾರಲ್ಲ, ಅವರ ಬಾಯಾಗ ಒಂದ ಬೊಗಸಿ ಮಣ್ಣ ಹಾಕಿಬರ್ರಿ!" ಎಂದು ಕಿರುಚಿದಳು. ಅದು ಅಂಗಳದಾಚೆ ಬಸ್ ಸ್ಟ್ಯಾಂಡಿನವರೆಗೆ ಕೇಳಿದೆ. ಹಿಂದಿನ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕಿದ್ದೇ ತಡ, ಶಾಮಿಯಾನವೆಲ್ಲ ನಗೆಯಲ್ಲಿ ಅಲ್ಲಾಡಿತಂತೆ. ವರದಿಗಾರ ಮೈಕು ಬಂದ್ ಮಾಡಲು ಗುಂಡಿ ಹುಡುಕಿದನಂತೆ, ಸಿಗಲಿಲ್ಲವಂತೆ. ಹುಡುಕಿದ್ದು ಖರೆಯೋ ಸುಳ್ಳೋ, ಅವನ ದೇವರಿಗೇ ಗೊತ್ತು.

ಒಳಗೆ ನಗುವ ಹೊತ್ತಾಗಿರಲಿಲ್ಲ. ಹೊಕ್ಕಳಬಳ್ಳಿ ಕೂಸಿನ ಕೊರಳಿಗೆ ಎರಡು ಸುತ್ತು ಹಾಕಿತ್ತು. ಬೆರಳಿನಿಂದ ಬಿಡಿಸಿದೆ. ಹೆಣ್ಣುಕೂಸು ಹೊರಬಂತು, ಅಳಲಿಲ್ಲ. ಮೈ ನೀಲಿ, ಕೈಕಾಲು ಹಸಿ ಅರಿವೆಯಂತೆ ಜೋತುಬಿದ್ದಿದ್ದವು.

"ನೀಲವ್ವಾ, ಒಣಾ ಅರಿವಿ ತಾ! ಲಗೂನ!"

"ವಾರ್ಮರ್ ಮ್ಯಾಲೆ ಹಾಕೂಣೇನ್ರಿ?"

"ಎಲ್ಲೈತಿ ವಾರ್ಮರ್? ಅದು ಸುಟ್ಟು ಮೂರು ತಿಂಗಳಾತು! ಐದ ಸಲ ಬರದೇನಿ, ಒಬ್ಬರೂ ಹೂಂ ಅಂದಿಲ್ಲ! ಟೇಬಲ್ ಲೈಟ್ ಹಚ್ಚು, ಅರಿವಿ ಬೆಚ್ಚಗ ಮಾಡು!"

ವಾರ್ಮರ್ ಅಂದರೆ ಹುಟ್ಟಿದ ಕೂಸನ್ನು ಬೆಚ್ಚಗಿಡುವ ಯಂತ್ರ. ನಮ್ಮಲ್ಲಿ ಅದು ಸುಟ್ಟುಹೋಗಿ, ಮೇಲೆ ಬಟ್ಟೆ ಒಣಹಾಕಲು ಅನುಕೂಲವಾಗಿತ್ತು. ಈ ಮಾತೂ ಅಂಗಳಕ್ಕೆ ಹೋಯಿತು. ಗುರುಪಾದ ಎದ್ದು ಚಪ್ಪಾಳೆ ತಟ್ಟಲು ಕೈ ಎತ್ತಿದನಂತೆ. ಮಾಯವ್ವನ ಅತ್ತೆ ಬಾಗಿಲ ಮುಂದೆಯೇ ಕೂತಿದ್ದಳು. ತಿರುಗಿ ನೋಡಿದಳಂತೆ. ಎತ್ತಿದ ಕೈಯಿಂದ ಆತ ತಲೆ ತುರಿಸಿಕೊಂಡು ಕೂತ.

ಕೂಸಿನ ಮೈ ಒರೆಸಿದೆ, ಬೆನ್ನು ತಿಕ್ಕಿದೆ, ಬಾಯಿ ಸ್ವಚ್ಛ ಮಾಡಿದೆ. ಇಲ್ಲ. ಸಣ್ಣ ಮುಖವಾಡ ಮೂಗುಬಾಯಿಗೆ ಒತ್ತಿ ರಬ್ಬರಿನ ಚೀಲ ಅಮುಕತೊಡಗಿದೆ. ಲಯ ತಪ್ಪಬಾರದೆಂದು ಬಾಯಲ್ಲೇ ಎಣಿಸಬೇಕು, ಹಾಗೆಂದು ಕಲಿಸುತ್ತಾರೆ. "ಉಸರು, ಎರಡು, ಮೂರು. ಉಸರು, ಎರಡು, ಮೂರು." ಮಾಯವ್ವ ಕೇಳಿದಳು, "ಯಾಕ್ರೀ ಯಕ್ಕಾ, ದನಿ ಇಲ್ಲಲ್ಲ?" ನಾನು ಎಣಿಸುತ್ತಲೇ ಇದ್ದೆ. ಮೂವತ್ತಮೂರು ವರ್ಷದಲ್ಲಿ ಎಷ್ಟೋ ಕೂಸುಗಳಿಗೆ ಉಸಿರು ಊದಿದ್ದೆ. ಎಲ್ಲವೂ ತಿರುಗಿ ಅತ್ತಿರಲಿಲ್ಲ. ಅವೆಲ್ಲ ಒಟ್ಟಿಗೆ ನೆನಪಾದವು.

ಹೊರಗೆ ಎಲ್ಲರೂ ಸ್ಪೀಕರ್ ಡಬ್ಬಿಯ ಕಡೆ ಬಗ್ಗಿದ್ದರಂತೆ. ಫಾರ್ಮಸಿಸ್ಟ್ ಹೇಳಿದ, "ಸಿಸ್ಟರ್, ಮೊದಲ ಒಂದಿಬ್ರು, ಆಮ್ಯಾಲೆ ಎಲ್ಲಾರೂ ನಿಮ್ಮ ಜೋಡಿ ಸಣ್ಣ ದನಿಲೆ ಎಣಸಾಕ ಹತ್ತಿದ್ರು. ಎರಡೂ ಪಾರ್ಟಿ. ಉಸರು, ಎರಡು, ಮೂರು." ಬಸಗೊಂಡ ಕಣ್ಣು ಮುಚ್ಚಿ ತೊಡೆ ತಟ್ಟುತ್ತ ಎಣಿಸುತ್ತಿದ್ದನಂತೆ.

ಮೊದಲು ಬಂದದ್ದು ಒಂದು ಸೀನು. ಆಮೇಲೆ ಬೆಕ್ಕಿನಮರಿಯಂಥ ಕೀಚಲು. ಆಮೇಲೆ, ಅಬ್ಬಬ್ಬಾ, ಏನು ಗಂಟಲು! ನೀಲಿ ಹೋಗಿ ಕೆಂಪೇರಿತು, ಕಾಲಿನಿಂದ ನನ್ನ ಕೈಗೆ ಒದೆಯಿತು. "ಅತ್ತಳ ನೋಡ ನಮ್ಮವ್ವ! ಒದರ ಮಗಳ, ಒದರು!" ಎಂದೆ. ಅದೇ ಹೊತ್ತಿಗೆ ಹೊರಗೆ ಸಿಡಿಲು ಬಡಿದಂತೆ ಗದ್ದಲ. ಸಿಳ್ಳೆ, ಕೇಕೆ, ಟವೆಲ್ ಮೇಲಕ್ಕೆ. ಕೂಸನ್ನು ಬೆಚ್ಚಗೆ ತಾಯಿಯ ಎದೆಗೆ ಹಚ್ಚಿ, "ಇವರಿಗೆ ಏನ್ ಬಂದೈತಿ?" ಎಂದು ಕಿಟಕಿ ತೆಗೆದೆ. ನನ್ನ ಮಾತು ಎರಡು ಸ್ಪೀಕರ್ ಡಬ್ಬಿಯಿಂದ ನನ್ನ ಕಡೆಗೇ ತಿರುಗಿ ಬಂತು: "ಇವರಿಗೆ ಏನ್ ಬಂದೈತಿ?" ಅಂಗಳದ ನಡುವೆ ಗುರುಪಾದ ಮತ್ತು ಬಸಗೊಂಡ ಒಬ್ಬರನ್ನೊಬ್ಬರು ಗಟ್ಟಿಯಾಗಿ ಅಪ್ಪಿಕೊಂಡು ಜಿಗಿಯುತ್ತಿದ್ದರು. ನನ್ನನ್ನು ಕಂಡು ಎಚ್ಚರಾಗಿ, ಬಿಸಿ ತವೆ ಮುಟ್ಟಿದವರಂತೆ ಬಿಟ್ಟು ದೂರ ಸರಿದರು.

ಕೊರಳಪಟ್ಟಿ ಮುಟ್ಟಿ ನೋಡಿಕೊಂಡೆ. ಒಬ್ಬ ಹೆಣ್ಣುಮಗಳ ಹೆರಿಗೆ ಬ್ಯಾನಿಯನ್ನು ಊರಿಗೆ ಕೇಳಿಸಿಬಿಟ್ಟೆನಲ್ಲ! ಹುಡುಗಿಯರೇ, ನನ್ನ ನೌಕರಿಯ ದೊಡ್ಡ ತಪ್ಪು ಇದೇ, ನಗುತ್ತ ಹೇಳಿದರೂ ತಪ್ಪೇ. ಮಾಯವ್ವನ ಮುಂದೆ ಕೈ ಮುಗಿದು ಎಲ್ಲ ಹೇಳಿದೆ. ಆಕೆ ಕಣ್ಣರಳಿಸಿ, "ಮಣ್ಣ ಹಾಕ್ರಿ ಅಂದದ್ದೂ ಕೇಳೇತೇನ್ರಿ?" ಎಂದಳು. "ಹೂನ್ ಬೇ, ಬಸ್ ಸ್ಟ್ಯಾಂಡಿನ ತನಕ." ಆಕೆ ಹೊಟ್ಟೆ ಹಿಡಿದುಕೊಂಡು, ನೋವಿಗೂ ನಗೆಗೂ ನಡುವೆ, "ಹಾಂ, ಹಂಗಾರ ಚಲೋ ಆತು" ಅಂದಳು. ಅತ್ತೆಯಂತೂ, "ನಮ್ಮಲ್ಲಿ ಕೂಸು ಹುಟ್ಟಿದ್ರ ಡೊಳ್ಳ ಬಡೀತಾರ. ಈಕೀಗೆ ಮೈಕ್ ಹಚ್ಚ್ಯಾರ, ಬಿಡ್ರಿ" ಎಂದಳು.

ಅವತ್ತು ಸಂಜೆಯೇ ಎಲ್ಲರ ಮೊಬೈಲಿನಲ್ಲಿ ನನ್ನ ದನಿ. ಗುರುಪಾದನ ಕಡೆಯವರು "ವಾರ್ಮರ್ ಸುಟ್ಟು ಮೂರು ತಿಂಗಳಾತು" ಅನ್ನುವಷ್ಟನ್ನೇ ಕತ್ತರಿಸಿ ಹಾಕಿದರು. ಬಸಗೊಂಡನ ಕಡೆಯವರು ಕೂಸಿನ ಅಳುವಿಗೆ ವಾದ್ಯ ಸೇರಿಸಿ, ನಮ್ಮ ಸರಕಾರ ಜೀವ ಉಳಿಸಿತು ಎಂದು ಹಾಕಿದರು. ಮಣ್ಣಿನ ಮಾತನ್ನು ಮಾತ್ರ ಎರಡೂ ಪಕ್ಷ ಒಮ್ಮತದಿಂದ ತೆಗೆದಿದ್ದವು.

ಮೂರನೆಯ ದಿನ ವಿಜಯಪುರದ ಕಚೇರಿಯಿಂದ ನೋಟಿಸು ಬಂತು. ಕರ್ತವ್ಯದ ವೇಳೆ ಧ್ವನಿವರ್ಧಕ ಬಳಸಿದ್ದಕ್ಕೂ, ಇಲಾಖೆಯ ಒಳಗಿನ ವಿಷಯ ಹೊರಗೆ ಹಾಕಿದ್ದಕ್ಕೂ ಕಾರಣ ಕೊಡಬೇಕು. ವಿಚಾರಣೆ ಬಾಕಿ ಉಳಿದರೆ ಪಿಂಚಣಿ ತಡೆಯುತ್ತಾರೆ ಎಂದು ಎಲ್ಲರೂ ಅಂಜಿಸಿದರು. ಡಾಕ್ಟರ್ ಶ್ರೀದೇವಿ, "ನಾನೂ ಬರ್ತೇನಿ ಸಿಸ್ಟರ್" ಎಂದು ಜೊತೆಗೆ ಬಸ್ ಹತ್ತಿದರು. ದಾರಿಯುದ್ದಕ್ಕೂ ನಾನು ಉತ್ತರ ಬರೆದೆ, ಹರಿದೆ. ಕೊನೆಗೆ ಎರಡೇ ಸಾಲು ಉಳಿದವು: "ಮೈಕು ಚಾಲೂ ಇದ್ದದ್ದು ನನ್ನ ತಪ್ಪು. ವಾರ್ಮರ್ ಬಂದ್ ಇದ್ದದ್ದು ನನ್ನ ತಪ್ಪಲ್ಲ."

ಕಚೇರಿಯ ಸಾಹೇಬರು ದಪ್ಪ ಮೀಸೆಯವರು. ಓದಿ ಪಕ್ಕಕ್ಕಿಟ್ಟರು. ಡಾಕ್ಟರ್ ಶ್ರೀದೇವಿ ತಮ್ಮ ಮೊಬೈಲು ಮೇಜಿನ ಮೇಲಿಟ್ಟರು. "ಸರ್, ಎಲ್ಲಾರೂ ತುಂಡ ತುಂಡ ಕೇಳ್ಯಾರ. ವರದಿಗಾರರ ಕಡೆಯಿಂದ ಪೂರ್ತಿ ತಂದೇನಿ, ಮಾಯವ್ವನ್ನೂ ಕೇಳೇ ತಂದೇನಿ. ಒಮ್ಮೆ ಕೇಳ್ರಿ." ಸಾಹೇಬರು ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. ಮಣ್ಣಿನ ಮಾತಿಗೆ ಮೀಸೆ ಒಂದು ಬದಿ ಅಲ್ಲಾಡಿತು. ಸುಟ್ಟ ವಾರ್ಮರಿನ ಮಾತಿಗೆ ನಿಂತುಹೋಯಿತು. "ಉಸರು, ಎರಡು, ಮೂರು" ಶುರುವಾದಾಗ ಅವರ ಬೆರಳು ಮೇಜಿನ ಮೇಲೆ ಲಯ ಹಾಕತೊಡಗಿತು. ಕೂಸು ಅತ್ತಾಗ ಅವರು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕನ್ನಡಕ ಒರೆಸಿದರು.

"ಐದು ಸಲ ಬರದೇನಿ ಅಂದ್ರಲ್ಲ, ಯಾರಿಗೆ ಬರದ್ರಿ?"

"ತಮಗೇ ಸರ್."

ಈಗ ಪೂರ್ತಿ ಮೀಸೆ ಅಲ್ಲಾಡಿತು. ನೋಟಿಸಿನ ಮೇಲೆ "ಮುಕ್ತಾಯ" ಎಂದು ಬರೆದು, "ಇನ್ನ ಮ್ಯಾಲೆ ಹೆರಿಗಿ ಕೋಣಿಗೆ ಹೋಗೂ ಮುಂಚೆ ಕೊರಳ ಮುಟ್ಟಿ ನೋಡ್ಕೊಳ್ರಿ" ಅಂದರು. ಹೊರಗೆ ಬಂದು ನಾನು ಮತ್ತು ಡಾಕ್ಟರ್ ಮೆಟ್ಟಿಲ ಮೇಲೆ ಕೂತು ನಕ್ಕೆವು. ಕಚೇರಿಯ ಕಾವಲುಗಾರ ಇಬ್ಬರಿಗೂ ನೀರು ತಂದುಕೊಟ್ಟ.

ಕಚೇರಿ ವಾರ್ಮರ್ ಕಳಿಸುವ ಮೊದಲೇ ಪಕ್ಷಗಳಿಗೆ ಮರ್ಯಾದೆಯ ಪ್ರಶ್ನೆಯಾಯಿತು. ಒಂದೇ ದಿನ, ಒಂದೇ ಹೊತ್ತಿಗೆ, ಎರಡು ಟೆಂಪೋ ಬಂದವು. ಒಂದರಲ್ಲಿ ಬಸಗೊಂಡ ಮತ್ತು ಒಂದು ವಾರ್ಮರ್. ಇನ್ನೊಂದರಲ್ಲಿ ಗುರುಪಾದ ಮತ್ತು ಒಂದು ವಾರ್ಮರ್. ಒಂದೇ ಕಂಪನಿ, ಒಂದೇ ಬಣ್ಣ. ಮೈತುಂಬ ತಮ್ಮ ತಮ್ಮ ನಾಯಕರ ನಗುಮುಖದ ಸ್ಟಿಕರ್. ಹೆರಿಗೆ ಕೋಣೆಯಲ್ಲಿ ಅಷ್ಟು ಭಾರ ತಡೆಯುವ ಪ್ಲಗ್ ಮಾತ್ರ ಒಂದೇ.

"ಮೊದಲ ನಮ್ಮದು ಹಚ್ಚಬೇಕ್ರಿ, ಆಡಳಿತದಾಗ ನಾವದೇವಿ."

"ಸುಟ್ಟೈತಿ ಅಂತ ಊರಿಗೆ ಹೇಳಿದ್ದ ನಾವು. ನಮ್ಮದ ಮೊದಲ."

"ಹೇಳಿದ್ದು ನಾನ್ರಿ" ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅರಕೇರಿಯಿಂದ ಒಬ್ಬ ಚೊಚ್ಚಲ ಬಸುರಿ ಬೆಳಗಿನಿಂದ ಒಳಗಿದ್ದಳು, ಬ್ಯಾನಿ ಜೋರಾಗಿತ್ತು. ಡಾಕ್ಟರ್ ಶ್ರೀದೇವಿ ಬಾಗಿಲಿಗೆ ಬಂದು, "ಎರಡೂ ಒಳಗ ತಗೋರಿ, ಮಂದೀನ ಹೊರಗ ಹಾಕ್ರಿ" ಅಂದರು. ಹಾಕಿದೆವು. ನೀಲವ್ವ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಎರಡರ ಸ್ಟಿಕರನ್ನೂ ಕಿತ್ತಳು. ಯಂತ್ರ ಕಾದರೆ ನಾಯಕರು ಕರಗಿ ಕೂಸಿನ ಮೇಲೆ ಬೀಳಬಾರದಲ್ಲ! ಒರೆಸುವ ಅವಸರದಲ್ಲಿ ಅದನ್ನು ಇತ್ತ, ಇದನ್ನು ಅತ್ತ ತಳ್ಳಿ, ಕೊನೆಗೆ ಯಾವುದು ಕೈಗೆ ಹತ್ತಿರ ಬಂತೋ ಅದರ ಪ್ಲಗ್ ಹಾಕಿದೆವು. ಗಂಡುಕೂಸು, ಹುಟ್ಟುತ್ತಲೇ ಅತ್ತ. ಆ ಬೆಚ್ಚನೆಯ ಬೆಳಕಿನ ಕೆಳಗೆ ಮಲಗಿ ಉದ್ದಕ್ಕೆ ಆಕಳಿಸಿದ. ವಾರದ ಮೇಲೆ ಇನ್ನೊಂದು ಪ್ಲಗ್ ಬಂತು, ಈಗ ಎರಡೂ ನಡೆಯುತ್ತಿವೆ.

ಹೋದ ತಿಂಗಳು ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಗುರುಪಾದ ಮತ್ತು ಬಸಗೊಂಡ ಒಂದೇ ಬಾಕಿನ ಮೇಲೆ ಕೂತು ಒಂದೇ ಪುಡಿಕೆಯ ಶೇಂಗಾ ತಿನ್ನುತ್ತ ಜಗಳಾಡುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಎದ್ದು ಬಂದರು.

"ಸಿಸ್ಟರ್, ಈಗ ನೀವು ರಿಟೈರ್ಡ ಆಗೀರಿ, ಯಾರ ಅಂಜಿಕಿನೂ ಇಲ್ಲ" ಅಂದ ಬಸಗೊಂಡ.

"ಖರೇ ಹೇಳಿಬಿಡ್ರಿ" ಅಂದ ಗುರುಪಾದ. "ಅವತ್ತ ಮೊದಲ ಹಚ್ಚಿದ ವಾರ್ಮರ್ ಯಾರದು?"

ವಿಜಯಪುರದ ಬಸ್ ಬಂದು ನಿಂತಿತ್ತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ಅಂದೆ, "ಯಾರದಂದ್ರ? ಅದರಾಗ ಮಕ್ಕೊಂಡಿದ್ದ ಕೂಸಿಂದ್ರಿ."

ಬಸ್ ಹೊರಟಾಗ ಕಿಟಕಿಯಿಂದ ನೋಡಿದೆ. ಆ ಕೂಸಿನ ಮನೆಯವರು ಯಾವ ಪಕ್ಷ ಎಂಬುದರ ಮೇಲೆ ಇಬ್ಬರ ಜಗಳ ಆಗಲೇ ಶುರುವಾಗಿತ್ತು.